ಯಂಕವ್ವ ಕಟ್ಟಿದ ಗೋಡೆ

ಹೆಂಗಸು ಗೌಂಡಿ ಆಗುವುದೆಂದರೆ ಏನು ಮಹಾ? ಹನ್ನೊಂದು ವರ್ಷ ಇಟ್ಟಂಗಿ ಹೊತ್ತು ನೆತ್ತಿಯ ಕೂದಲು ಉದುರಿಸಿಕೊಂಡವಳು, ಒಂದು ದಿನ ತಾನೇ ಗಾರೆ ಮೆತ್ತುವ ಥಾಪಿ ಹಿಡಿದು ಗೋಡೆ ಕಟ್ಟುತ್ತೇನೆ ಅನ್ನುವುದು. ಅಷ್ಟೇ. ಅಷ್ಟಕ್ಕೇ ಪುಣೆಯ ಬಾಣೇರಿನಲ್ಲಿ ಕಟ್ಟಡದ ಕೆಲಸಕ್ಕಿದ್ದ ಯಾದಗಿರಿ ಕಡೆಯ ಮಂದಿಯೆಲ್ಲ ಬಾಯಿಗೆ ಸೆರಗು, ಟವೆಲ್ಲು ಅಡ್ಡ ಹಿಡಿದು ನಕ್ಕರು.

ನಗದೆ ಏನು ಮಾಡಿಯಾರು? ಅವರು ಕಂಡದ್ದು ಜೋಡಿ ಪದ್ಧತಿ ಒಂದೇ. ಮುಕಾದಮ ಗುರಣ್ಣ ಊರಿನಿಂದ ಆಳುಗಳನ್ನು ಬಿಡಿಬಿಡಿಯಾಗಿ ತರುವವನಲ್ಲ, ಜೋಡಿಯಾಗಿ ತರುವವನು. ಗಂಡ ಗೌಂಡಿ, ಹೆಂಡತಿ ಅವನಿಗೆ ಸಿಮೆಂಟಿನ ಮಾಲು ಕಲಸಿ ಹೊತ್ತು ಕೊಡುವವಳು. ಇಬ್ಬರ ಪಗಾರವೂ ಒಟ್ಟಿಗೆ, ಗಂಡನ ಕೈಗೆ. ಯಂಕವ್ವ, ಅವಳ ಗಂಡ ಧರ್ಮರಾಜ ಇಬ್ಬರೂ ಹಾಗೇ ದುಡಿದು ಬಂದವರು. ಧರ್ಮರಾಜ ಒಳ್ಳೆಯ ಗೌಂಡಿ. ಅವನು ಕಟ್ಟಿದ ಮೂಲೆ ನೋಡಲಿಕ್ಕೆ ಬೇರೆ ಗೌಂಡಿಗಳು ಬರುತ್ತಿದ್ದರು. ತೊಂಬತ್ತೊಂಬತ್ತರ ದೀಪಾವಳಿಯ ಹೊತ್ತಿಗೆ ದೇಹೂ ರೋಡಿನ ಕೆಲಸದಲ್ಲಿ ಮೇಲಿನಿಂದ ಜಾರಿದ ಕಲ್ಲೊಂದು ಅವನ ಬಲಗೈ ಮೇಲೆ ಬಿತ್ತು. ಎಲುಬು ಕೂಡಿಕೊಂಡಿತು, ಬೆರಳು ಮಡಚಲೇ ಇಲ್ಲ.

ಗೌಂಡಿಯಿಲ್ಲದ ಮೇಲೆ ಜೋಡಿ ಎಲ್ಲಿಂದ ಬರಬೇಕು! ಊರಿಗೆ ಹೋಗೋಣವೆಂದರೆ ಅಲ್ಲಿ ಇವರದೆಂದು ಹೇಳಲು ಒಂದು ಗುಡಿಸಲೂ ಉಳಿದಿರಲಿಲ್ಲ.

ಆಗಲೇ ಪುಣೆಯ ಶಿವಾಜಿನಗರದಲ್ಲಿ ಒಂದು ಸಂಸ್ಥೆ ಕಟ್ಟಡ ಕೆಲಸದ ಹೆಂಗಸರಿಗೆ ಗೌಂಡಿ ಕೆಲಸ ಕಲಿಸತೊಡಗಿತ್ತು. ಆರು ತಿಂಗಳ ಕಲಿಕೆ, ಹೊಟ್ಟೆಪಾಡಿಗೆ ಒಂದಿಷ್ಟು ಭತ್ಯೆ. ಅದನ್ನು ನೋಡಿಕೊಳ್ಳುತ್ತಿದ್ದವಳು ಹರಿಣಾಕ್ಷಿ, ಮಂಗಳೂರು ಕಡೆಯ ಹೋಟೆಲಿನವರ ಮಗಳು. ಅವಳ ಕನ್ನಡ ಯಂಕವ್ವನಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧ ಕೈಸನ್ನೆಯಲ್ಲಿ. ಆದರೆ ಥಾಪಿಗೆ ಯಾವ ಕನ್ನಡ ಬೇಕು? ಹನ್ನೆರಡು ಹೆಂಗಸರು ಮಣ್ಣಿನ ಗಾರೆಯಲ್ಲಿ ಗೋಡೆ ಕಟ್ಟುವರು, ಸಂಜೆ ಕೆಡವುವರು, ಮರುದಿನ ಅದೇ ಇಟ್ಟಂಗಿ ತೊಳೆದು ಮತ್ತೆ ಕಟ್ಟುವರು. ಮೂರನೆಯ ತಿಂಗಳಿಗೆ ಯಂಕವ್ವನ ಗೋಡೆ ಕೆಡವಲು ಹರಿಣಾಕ್ಷಿಗೇ ಮನಸ್ಸಾಗಲಿಲ್ಲ.

ಕಲಿತು ಬಂದವಳನ್ನು ಗುರಣ್ಣ ಮೇಲಿಂದ ಕೆಳಗೆ ನೋಡಿದ.

"ನೀ ಗ್ವಾಡಿ ಕಟ್ಟೂದು, ಧರ್ಮರಾಜ ನಿನಗ ಮಾಲ್ ಹೊರೂದು? ಇದು ಭಾಳ ಆತು ತಂಗಿ. ನಾಳಿ ಊರಾಗ ನನ್ನ ಮಾರಿ ಮ್ಯಾಲ ಉಗೀತಾರ."

ಉಗುಳಿಸಿಕೊಳ್ಳದ ಹಾಗೆ ದಾರಿಯನ್ನೂ ಅವನೇ ಕಂಡುಹಿಡಿದ, ಚಾಲಾಕಿ ಮನುಷ್ಯ. ಮೇಲಿನ ಅಂತಸ್ತುಗಳ ಒಳಗೋಡೆಗಳನ್ನು ಈ ಜೋಡಿಗೆ ಕೊಟ್ಟ. ಒಳಗೆ ಯಂಕವ್ವ ಕಟ್ಟುವಳು, ಧರ್ಮರಾಜ ಎಡಗೈಯಲ್ಲಿ ಮಾಲು ಎಳೆದು ಕೊಡುವನು. ಮೆಟ್ಟಿಲ ಮೇಲೆ ಸೈಟಿನ ಸಾಹೇಬರ ಬೂಟಿನ ಸಪ್ಪಳ ಕೇಳಿದರೆ ಥಾಪಿ ಗಂಡನ ಕಡೆಗೆ, ಬುಟ್ಟಿ ಹೆಂಡತಿಯ ತಲೆಗೆ. ಗ್ಯಾಂಗಿನ ಮೂವತ್ತು ಜನಕ್ಕೂ ಇದು ಗೊತ್ತಿತ್ತು, ಒಬ್ಬನೂ ಬಾಯಿಬಿಟ್ಟು ಆಡಲಿಲ್ಲ. ಆಡದಿರುವವರೆಗೆ ಧರ್ಮರಾಜ ಗೌಂಡಿಯೇ. ಹೀಗೆ ಒಂದು ವರ್ಷ ಕಳೆಯಿತು.

ಹರಿಣಾಕ್ಷಿ ಮಾತ್ರ ಸುಮ್ಮನೆ ಕೂರುವವಳಲ್ಲ. ದೊಡ್ಡ ಬಿಲ್ಡರೊಬ್ಬನ ಇಂಜಿನಿಯರನ ಬೆನ್ನು ಹತ್ತಿ, ಕೊನೆಗೂ ಒಪ್ಪಿಸಿದಳು. ಹೆಂಗಸು ಕಟ್ಟಿದ ಒಂದು ಗೋಡೆ ಕಣ್ಣಾರೆ ನೋಡುತ್ತೇನೆ, ಅಂದ ಅವನು. ಸರಿ ಅನಿಸಿದರೆ ಅವಳನ್ನು ಗೌಂಡಿಯೆಂದೇ, ಅವಳದೇ ಹೆಸರಿನಲ್ಲಿ ತೆಗೆದುಕೊಳ್ಳುತ್ತೇನೆ. ಆಮೇಲೆ ಉಳಿದ ಹನ್ನೊಂದು ಮಂದಿಯನ್ನೂ ನೋಡೋಣ ಅಂದ. ಯಾರ ಗೋಡೆ ತೋರಿಸುವುದೆಂಬ ಪ್ರಶ್ನೆಯೇ ಹುಟ್ಟಲಿಲ್ಲ.

ಆ ರಾತ್ರಿ ಯಂಕವ್ವ ಗಂಡನಿಗೆ ಹೇಳಿದಳು. ಹೇಳುವಾಗ ಅವನ ಮುಖ ನೋಡಲಿಲ್ಲ.

"ಆತ್ ತಗೋ," ಅಂದ ಧರ್ಮರಾಜ. "ನಿಂದೇ ಅಂತ ಹೇಳು. ನನ್ನ ಕೈ ಹೋಗಿದ್ದು ಯಾರಿಗಿ ಗೊತ್ತಿಲ್ಲ?"

ಅಷ್ಟು ಹಗುರವಾಗಿ ಅಂದುಬಿಟ್ಟನಲ್ಲ ಎಂದು ಯಂಕವ್ವನಿಗೆ ಅಳು ಬಂತು, ಖುಷಿಗೇ ಬಂತು.

ಇಂಜಿನಿಯರ್ ಬಂದದ್ದು ಮಂಗಳವಾರ, ಊಟದ ಬಿಡುವಿನಲ್ಲಿ. ಮೂವತ್ತು ಜನವೂ ರೊಟ್ಟಿ ಕೈಯಲ್ಲಿ ಹಿಡಿದೇ ನಾಲ್ಕನೆಯ ಅಂತಸ್ತಿಗೆ ಹತ್ತಿದ್ದರು. ಬಿಟ್ಟಿ ತಮಾಷೆ ಯಾರು ಬಿಡುತ್ತಾರೆ! ಸಾಹೇಬ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ನೋಡಿದ, ಮೂಲೆಗೆ ಕಣ್ಣು ಹಚ್ಚಿ ನೋಡಿದ, ಬೆರಳಿನಿಂದ ಸಂದು ಕೆರೆದು ನೋಡಿದ. ನೋಡಿ ತಲೆದೂಗಿದ. ಆಮೇಲೆ ತಿರುಗಿ, ಇದನ್ನು ಕಟ್ಟಿದವರು ಯಾರು ಎಂದು ಮರಾಠಿಯಲ್ಲಿ ಕೇಳಿದ.

ಯಂಕವ್ವ ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ನಾನ್ರೀ ಸಾಹೇಬ್ರ."

ಧರ್ಮರಾಜ. ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಎದೆ ಮುಂದೆ ಮಾಡಿ ನಿಂತಿದ್ದ. ಮೂವತ್ತು ಜನರ ಕಣ್ಣು ಮೈಮೇಲೆ ಬಿದ್ದಾಗ ಅವನಿಗೆ ಏನಾಯಿತೋ ಏನೋ, ಬಾಯಿ ತಾನೇ ಆಡಿಬಿಟ್ಟಿತ್ತು.

ಹರಿಣಾಕ್ಷಿ ಗಾಬರಿಯಾದಳು. "ಅಲ್ಲ ಸರ್, ಅಲ್ಲ!" ಎಂದು ಸಾಹೇಬನಿಗೆ ಹೇಳಿ, ಯಂಕವ್ವನ ಭುಜ ಹಿಡಿದಳು. "ಹೇಳಿ ಮಾರಾಯ್ತಿ, ನಿಮ್ಮದೇ ಅಲ್ವಾ ಗೋಡೆ? ಹೆದರ್ಲಿಕ್ಕೆ ಎಂತದ್ದುಂಟು?"

ಯಂಕವ್ವ ಗಂಡನನ್ನು ನೋಡಿದಳು. ಅವನ ಮೇಲ್ತುಟಿಯ ಬೆವರು ಕಂಡಿತು. ನಂದು ಅಂದರೆ ಇವನು ಸುಳ್ಳುಗಾರ. ಹೆಂಡತಿಯ ಕೆಲಸ ತನ್ನದೆಂದು ಹೇಳಿದವನು ಅಂತ ಊರತನಕ ಹೋಗುತ್ತದೆ ಸುದ್ದಿ. ಇವನು ಬದುಕುವುದಿಲ್ಲ.

"ಅವರೇ ಕಟ್ಯಾರ್ರೀ ಅಕ್ಕೋರ," ಅಂದಳು.

ಸಾಹೇಬನಿಗೆ ಸಂಶಯ ಬಂತು. ಥಾಪಿ ತಾನೇ ಎತ್ತಿ ಧರ್ಮರಾಜನ ಮುಂದೆ ಹಿಡಿದು, ನಾಲ್ಕು ಇಟ್ಟಂಗಿ ಇಟ್ಟು ತೋರಿಸು ಅಂದ. ಧರ್ಮರಾಜ ಬಲಗೈ ಚಾಚಿದ. ಬೆರಳು ಮಡಚಲಿಲ್ಲ, ಥಾಪಿ ಠಣ್ಣೆಂದು ನೆಲಕ್ಕೆ ಬಿತ್ತು. ಗ್ಯಾಂಗಿನ ಗೌಂಡಿ ಪ್ರಲ್ಹಾದ ಕಿಸಕ್ಕನೆ ನಕ್ಕ. ಗುರಣ್ಣ ಬೇರೆ ಕಡೆ ಮುಖ ಮಾಡಿದ.

ಥಾಪಿ ಬಿದ್ದಿದ್ದು ಯಂಕವ್ವನ ಕಾಲ ಬಳಿಯೇ. ಬಗ್ಗಿ ಎತ್ತಿ ನಾಲ್ಕೇ ನಾಲ್ಕು ಇಟ್ಟಂಗಿ ಇಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ಅವಳು ಬಗ್ಗಿದಳು. ಬಗ್ಗಿ, ಪಕ್ಕದಲ್ಲಿದ್ದ ಮಾಲಿನ ಬುಟ್ಟಿ ಎತ್ತಿ ತಲೆಗೇರಿಸಿಕೊಂಡಳು. ಅಯ್ಯೋ ಹುಚ್ಚಿ! ಊಟದ ಬಿಡುವಿನಲ್ಲಿ ಯಾರಿಗೆ ಬೇಕಿತ್ತು ಆ ಮಾಲು?

ಯಾರೋ ಕಟ್ಟಿದ ಗೋಡೆ ತೋರಿಸಿ ನಾಟಕ ಆಡುತ್ತೀರೇನು ಎಂದು ಸಾಹೇಬ ಹರಿಣಾಕ್ಷಿಯನ್ನು ಎಲ್ಲರೆದುರು ಝಾಡಿಸಿ ಇಳಿದುಹೋದ. ಅವಳು ಅವನ ಹಿಂದೆ ನಾಲ್ಕು ಅಂತಸ್ತು ಮಾತಾಡುತ್ತಲೇ ಇಳಿದಳು. ಅವನು ತಿರುಗಿ ನೋಡಲಿಲ್ಲ. ಮೇಲೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು.

"ಉಳಿದ ಹನ್ನೊಂದು ಜನಕ್ಕೆ ನಾನು ಎಂತ ಹೇಳ್ಲಿ, ಯಂಕವ್ವ?"

ಯಂಕವ್ವನಿಗೆ ಅವರ ಮುಖಗಳೆಲ್ಲ ಒಂದೊಂದಾಗಿ ನೆನಪಾದವು. ನೆಲ ಬಾಯಿಬಿಡಬಾರದೇ ಅನಿಸಿತು.

ಗುರಣ್ಣ ಸಂಜೆಗೇ ಬಂದ. ಕಂಡದ್ದನ್ನು ಕಂಡಿಲ್ಲ ಅನ್ನಲು ಅವನಿಗೂ ಇನ್ನು ಬರುವಂತಿರಲಿಲ್ಲ. ನಾಳೆಯಿಂದ ಧರ್ಮರಾಜನಿಗೆ ಕೆಲಸವಿಲ್ಲ, ಯಂಕವ್ವ ಪ್ರಲ್ಹಾದನಿಗೆ ಮಾಲು ಹೊರಬೇಕು ಎಂದು ಹೇಳಿ ಹೋದ.

ತಗಡಿನ ಶೆಡ್ಡಿನಲ್ಲಿ ಯಂಕವ್ವ ಒಲೆ ಹಚ್ಚಿ ರೊಟ್ಟಿ ಬಡಿಯತೊಡಗಿದಳು. ಧರ್ಮರಾಜ ಗೋಡೆಗೊರಗಿ ಕೂತಿದ್ದ. ಮೊದಲ ರೊಟ್ಟಿ ಹೆಂಚಿಗೆ ಬಿದ್ದಾಗ ಅಂದ.

"ನಾ ಏನೋ ಅಂದೆ. ನೀನರ ಖರೇ ಹೇಳ್ಬೇಕಿತ್ತಲ್ಲ?"

ಅವಳ ಕೈ ಹಿಟ್ಟಿನಲ್ಲೇ ನಿಂತಿತು. "ಅಷ್ಟ್ ಮಂದಿ ಮುಂದ ನಿಮಗ ಸುಳ್ಳ ಮಾಡ್ಲೇನ್ರಿ?"

"ಮಾಡಿದ್ರ ಏನಾಗ್ತಿತ್ತು? ಎರಡ್ ದಿನ ನಗ್ತಿದ್ರು, ಬಿಡ್ತಿದ್ರು. ನಾ ಏನ್ ಸಾಯ್ತಿದ್ದೆನಾ?"

ಸಾಯುತ್ತಾನೆ ಎಂದೇ ಯಂಕವ್ವ ತಿಳಿದಿದ್ದಳು.