ತೊಳೆದಿಟ್ಟ ಮನೆ

"ನಿನ್ನ ಹೆಸರೇನಮ್ಮಾ?" ಬೆರಿಲ್ ಕನ್ನಡಕವನ್ನು ಮೂಗಿನ ತುದಿಗಿಳಿಸಿ ಕೇಳಿದಳು.

ವಿನಿ ಕಿಸಕ್ಕನೆ ನಕ್ಕಳು. "ಅಜ್ಜಿ, ನಿಂಗೆ ಗೊತ್ತಲ್ಲ."

"ನಾನೀಗ ಅಜ್ಜಿ ಅಲ್ಲ, ಸರ್ಕಾರ. ಕೇಳಿದ್ದಕ್ಕೆ ಉತ್ತರ ಹೇಳು."

"ಸರ್ಕಾರದ ಗಲ್ಲಕ್ಕೆ ಹಿಟ್ಟು ಮೆತ್ತಿದೆ."

ಮಗಳ ಹಿಂದೆ ನಿಂತು ತಲೆ ಬಾಚುತ್ತಿದ್ದ ಕೆರಿನ್‌ಗೆ ನಗು ಬರಲಿಲ್ಲ. "ಅಮ್ಮ, ಆಟ ಆಡ್ಬೇಡ. ವಿನಿ, ಸರಿಯಾಗಿ ಹೇಳು. ನಿಂಗೆ ಇಷ್ಟವಾದ ಪಾಠ ಯಾವುದು?"

"ಭೂಗೋಳ. ಯಾಕಂದ್ರೆ ನದಿಗಳ ಬಗ್ಗೆ ತಿಳಿಯುತ್ತೆ." ವಿನಿ ಒಂದೇ ಉಸಿರಿಗೆ ಒಪ್ಪಿಸಿದಳು. ಆಮೇಲೆ ಕತ್ತು ಹಿಂದಕ್ಕೆ ವಾಲಿಸಿ ಅಮ್ಮನ ಮುಖ ನೋಡಿದಳು. "ಅವರು ಬೇರೆ ಏನಾದ್ರೂ ಕೇಳಿದ್ರೆ?"

ಕೆರಿನ್ ಅವಳ ತಲೆಯನ್ನು ಮುಂದಕ್ಕೆ ತಿರುಗಿಸಿ ಮತ್ತೆ ಬಾಚತೊಡಗಿದಳು.

ಒಂಬತ್ತು ವರ್ಷದ ವಿನಿ ಮನೆಯಲ್ಲಿ ಅರಳು ಹುರಿದಂತೆ ಮಾತಾಡುತ್ತಾಳೆ. ಹೊರಗಿನವರು ಯಾರಾದರೂ ಎದುರಿಗೆ ಬಂದರೆ ಬಾಯಿಗೆ ಬೀಗ. ಶಾಲೆಯಲ್ಲಿದ್ದ ಎರಡು ವರ್ಷ ಅಲ್ಲಿ ಒಂದು ಮಾತೂ ಆಡಿದವಳಲ್ಲ. ಒಂದು ದಿನ ಬಾತ್‌ರೂಮಿಗೆ ಹೋಗಬೇಕೆಂದು ಕೇಳಲಾಗದೆ ಕುಳಿತಲ್ಲೇ ಆಗಿಹೋಗಿ, ತರಗತಿಯೆಲ್ಲ ನಕ್ಕಿತ್ತು. ಅದಾದ ಮೇಲೆ ಬೆಳಿಗ್ಗೆ ಬಸ್ಸಿನ ಸದ್ದು ಕೇಳಿದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದಳು. ಕೊನೆಗೆ ಕೆರಿನ್ ಅವಳನ್ನು ಶಾಲೆ ಬಿಡಿಸಿ, ಮನೆಯಲ್ಲೇ ಓದಿಸಲು ಪರವಾನಗಿ ತೆಗೆದುಕೊಂಡಳು. ಒಂದು ವರ್ಷದ ಪರವಾನಗಿ ಈಗ ಮುಗಿಯುತ್ತಿತ್ತು. ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಇವತ್ತು ಹತ್ತು ಗಂಟೆಗೆ ಶಿಕ್ಷಣ ಇಲಾಖೆಯವರು ಮನೆಗೇ ಬರುವವರಿದ್ದರು. ಪತ್ರದಲ್ಲಿ ಬರುವವರ ಹೆಸರು ಎಲ್. ಹ್ಯಾಲೊರನ್ ಎಂದಷ್ಟೇ ಇತ್ತು, ಗಂಡಸೋ ಹೆಂಗಸೋ ತಿಳಿಯುವಂತಿರಲಿಲ್ಲ. ಅವರು ಒಪ್ಪದಿದ್ದರೆ ವಿನಿ ಮತ್ತೆ ಆ ಬಸ್ಸು ಹತ್ತಬೇಕು.

ಮಕ್ಕಳನ್ನು ಮನೆಯಲ್ಲೇ ಓದಿಸುವ ಬೇರೆ ತಾಯಂದಿರು ಬಾಯಿಗೊಂದು ಹೇಳಿದ್ದರು. ಮಗುವನ್ನು ಏನೂ ಕೇಳುವುದಿಲ್ಲ ಎಂದವರೂ ಇದ್ದರು, ಎಲ್ಲ ಕೇಳುತ್ತಾರೆ ಎಂದವರೂ ಇದ್ದರು. ಕೆರಿನ್ ಹೆದರಿಸಿದವರನ್ನೇ ನಂಬಿದಳು. ಗಂಡ ಕುರಿಯ ಉಣ್ಣೆ ಕತ್ತರಿಸುವ ಗುಂಪಿನೊಂದಿಗೆ ಪಶ್ಚಿಮಕ್ಕೆ ಹೋಗಿದ್ದ. ಬುದ್ಧಿ ಹೇಳಲು ಉಳಿದವಳು ಗೌಲ್‌ಬರ್ನ್ ಊರಿನಿಂದ ಬಂದ ಬೆರಿಲ್ ಒಬ್ಬಳೇ. ಅಜ್ಜಿಗೆ ಅರಿವೆ ಚಿಂತೆ ಎಂಬಂತೆ ಅವಳು ಬಂದವಳೇ ಪರದೆಗಳನ್ನು ಕಿತ್ತು ನೆನೆಹಾಕಿದಳು. "ಮನೆ ನೋಡಿ ಮಗು ನೋಡ್ತಾರೆ ಕಣೇ" ಅನ್ನುವುದು ಅವಳ ವಾದ.

ಬೆರಿಲ್, ಕೆರಿನ್ ಇಬ್ಬರೂ ಸೇರಿ ಮೂರು ದಿನ ಮನೆ ತಿಕ್ಕಿದರು. ವಿನಿಯ ಕಪ್ಪೆಮರಿಗಳ ಬಾಟಲಿ, ಮೂಳೆ ತುಂಬಿದ ಡಬ್ಬಿ, ಕೆಸರಲ್ಲಿ ಕಟ್ಟಿದ ಕಾಲುವೆ, ಎಲ್ಲ ಶೆಡ್ಡಿಗೆ ಹೋದವು. ಅವುಗಳ ಜಾಗಕ್ಕೆ ಒಂದು ಮೇಜು, ಗ್ಲೋಬು, ಕೆತ್ತಿ ಸಾಲಾಗಿಟ್ಟ ಪೆನ್ಸಿಲುಗಳು ಬಂದವು. ಬಚ್ಚಲಿಗೆ, ಕಕ್ಕಸಿಗೆ, ಅಡುಗೆಮನೆಯ ಸಿಂಕಿಗೆ ಬ್ಲೀಚ್ ಸುರಿದದ್ದೇ ಸುರಿದದ್ದು.

"ಅಮ್ಮ, ಅಷ್ಟೊಂದು ಹಾಕ್ಬೇಡ. ಅದೆಲ್ಲ ಟ್ಯಾಂಕಿಗೆ ಹೋಗುತ್ತೆ. ಕೆವ್ ತಾತ ಹೇಳ್ತಿದ್ದ..." ಎಂದಳು ವಿನಿ.

"ಈಗ ಸುಮ್ನಿರು ಮರಿ. ಹೋಗಿ ನದಿಗಳ ಹೆಸರು ಓದ್ಕೋ."

ಕೆವ್ ಎಂದರೆ ಮೂರು ತಿಂಗಳಿಗೊಮ್ಮೆ ಬಂದು ಹಿತ್ತಲಿನ ಸೆಪ್ಟಿಕ್ ಟ್ಯಾಂಕ್ ನೋಡಿಹೋಗುತ್ತಿದ್ದ ಮುದುಕ. ಅವನು ತನ್ನಷ್ಟಕ್ಕೆ ಗೊಣಗುತ್ತ ಕೆಲಸ ಮಾಡುತ್ತಿದ್ದ, ವಿನಿ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಟಾರ್ಚು ಹಿಡಿದು ನಿಲ್ಲುತ್ತಿದ್ದಳು. ಈಚೆಗೆ ಅವನು ಕೆಲಸ ಬಿಟ್ಟಿದ್ದ.

ಜಡೆ ಮುಗಿಯುವ ಮುಂಚೆಯೇ ನಾಯಿ ಬೊಗಳಿತು. ಇನ್ನೂ ಹತ್ತಾಗಿರಲಿಲ್ಲ. ಬಾಗಿಲಲ್ಲಿ ಒಬ್ಬ ದಪ್ಪನೆಯ ಮನುಷ್ಯ, ಕೊರಳಲ್ಲಿ ಗುರುತಿನ ಚೀಟಿ, ಕಂಕುಳಲ್ಲಿ ಕಾಗದ ಸಿಕ್ಕಿಸಿದ ರಟ್ಟಿನ ಹಲಗೆ. ಡೆಸ್ ಎಂದೇನೋ ಹೆಸರು ಹೇಳಿದ. ಬಾಗಿಲು ಪೂರ್ತಿ ತೆರೆಯುವ ಅವಸರದಲ್ಲಿ ಕೆರಿನ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

"ಬನ್ನಿ, ಬನ್ನಿ. ಬೇಗ ಬಂದ್ರಿ."

"ರಸ್ತೆ ಖಾಲಿ ಇತ್ತು. ನಾನು ಹೀಗೇ ಹಿಂದಿನಿಂದ ಹೋಗ್ಲಾ?"

"ಅಯ್ಯೋ, ಎಲ್ಲಾದ್ರೂ ಉಂಟಾ? ಒಳಗೆ ಬನ್ನಿ."

ಅವನು ಬೂಟು ಬಿಚ್ಚಿ ಒಳಗೆ ಬಂದ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು. ಸರ್ಕಾರಿ ಸಂಬಳ ಅಷ್ಟಕ್ಕಷ್ಟೇ ಇರಬೇಕು ಎಂದುಕೊಂಡಳು ಕೆರಿನ್. ಬೆರಿಲ್ ತಾನೇ ಬೇಯಿಸಿದ ಬಿಸಿ ಸ್ಕೋನು ಬನ್ನುಗಳ ಮೇಲೆ ಜಾಮು, ಕೆನೆ ಹೇರಿ ಮುಂದಿಟ್ಟಳು, ಚಹಾ ಬಗ್ಗಿಸಿದಳು. ಕೆರಿನ್ ವರ್ಷದ ಪಾಠಗಳನ್ನು ಒಂದೊಂದಾಗಿ ಬಿಚ್ಚಿ ತೋರಿಸಿದಳು. ಲೆಕ್ಕ, ಕಾಗುಣಿತ, ನದಿಗಳ ನಕ್ಷೆ.

"ಚೆನ್ನಾಗಿದೆ" ಎಂದ ಅವನು, ಎಲ್ಲದಕ್ಕೂ. ಪಾಪ, ಅವನಾದರೂ ಏನು ಮಾಡಬೇಕು? ಮಗುವಿನ ಅಕ್ಷರ ತೋರಿಸುತ್ತಿರುವ ತಾಯಿಯನ್ನು ತಡೆಯುವ ಧೈರ್ಯ ಈ ಸೀಮೆಯಲ್ಲಿ ಯಾವ ಗಂಡಸಿಗೂ ಇಲ್ಲ. ಸ್ಕೋನು ಬೇರೆ ಬಿಸಿಯಾಗಿತ್ತು.

ಎರಡನೆಯ ಲೋಟ ಖಾಲಿಯಾದ ಮೇಲೆ ಅವನು ಬಾಯೊರೆಸಿಕೊಂಡು ವಿನಿಯ ಕಡೆ ತಿರುಗಿದ. "ಸರಿ ಪುಟ್ಟಿ. ಟ್ಯಾಂಕ್ ಎಲ್ಲಿದೆ, ನಿಂಗೆ ಗೊತ್ತಾ?"

ಅಭ್ಯಾಸ ಮಾಡಿಸಿದ ಪ್ರಶ್ನೆಗಳಲ್ಲಿ ಇದು ಇರಲಿಲ್ಲ. ವಿನಿ ಎದ್ದು, ಮೊಳೆಗೆ ನೇತುಹಾಕಿದ್ದ ಟಾರ್ಚು ತೆಗೆದುಕೊಂಡು ಹಿಂಬಾಗಿಲಿಂದ ಹೊರಟಳು. ಅವನು ಹಿಂದೆಯೇ ಹೋದ.

"ಪರಿಸರ ಪಾಠ ಇರ್ಬೇಕು" ಎಂದಳು ಬೆರಿಲ್.

ಕೆರಿನ್ ಸಿಂಕಿನ ಮೇಲಿನ ಕಿಟಕಿ ತೆರೆದಳು. ಅವನು ಮೊಣಕಾಲೂರಿ ಟ್ಯಾಂಕಿನ ಮುಚ್ಚಳ ಎತ್ತಿದ. ಗಬ್ಬು ವಾಸನೆ ಅಡುಗೆಮನೆಯವರೆಗೂ ಬಂತು.

"ಅಬ್ಬಬ್ಬಾ, ಒಳಗಿರೋದೆಲ್ಲ ಸತ್ತುಹೋಗಿದೆ. ಯಾರು ಬ್ಲೀಚ್ ಸುರಿದದ್ದು?"

"ಅಮ್ಮ" ಎಂದಳು ವಿನಿ.

ಕೆರಿನ್ ಸಿಂಕಿನ ಅಂಚು ಹಿಡಿದುಕೊಂಡಳು.

"ಅಮ್ಮ, ಅಜ್ಜಿ ಇಬ್ರೂ. ಬೇಡ ಅಂದೆ, ಕೇಳ್ಲಿಲ್ಲ. ಇದ್ರೊಳಗೆ ಕಣ್ಣಿಗೆ ಕಾಣದ ಹುಳ ಇರುತ್ತಲ್ಲ, ಕೊಳೆ ತಿನ್ನೋದು? ಅವಕ್ಕೆ ಬ್ಲೀಚ್ ಆಗಲ್ಲ. ಈಗ ಮತ್ತೆ ಬೆಳೆಸ್ಬೇಕಾ?"

"ಬೆಳೆಸ್ಬೇಕು ಮಾರಾಯ್ತಿ. ಟಾರ್ಚು ಸ್ವಲ್ಪ ಈ ಕಡೆ ಹಿಡಿ. ಗಾಳಿ ಪಂಪು ಸರಿ ಇದೆ ಅಂತೀಯಾ?"

"ರಾತ್ರಿ ಗೊರಗೊರ ಅಂತಿತ್ತು. ಕೆವ್ ತಾತ ಬಂದಾಗ ಹಾಗೆ ಅಂತಿರ್ಲಿಲ್ಲ."

"ಹೊರಗಿನವರ ಹತ್ರ ಮಾತಾಡ್ತಿದಾಳಮ್ಮ" ಎಂದಳು ಕೆರಿನ್. ಅವಳಿಗೆ ಅಳು ಬಂದುಬಿಟ್ಟಿತು.

"ಚಾಡಿ ಹೇಳ್ತಿದಾಳೆ" ಎಂದ ಬೆರಿಲ್ ಕೂಡ ಏಪ್ರನ್ನಿನಿಂದ ಕಣ್ಣೊತ್ತಿಕೊಂಡಳು.

ಆಗಲೇ ನಾಯಿ ಮತ್ತೆ ಬೊಗಳಿದ್ದು. ಮುಂಬಾಗಿಲಲ್ಲಿ ನೀಲಿ ಕೋಟು ತೊಟ್ಟ, ಕೂದಲು ನರೆತ ಹೆಂಗಸು ನಿಂತಿದ್ದಳು. "ಲೋರ್ನಾ ಹ್ಯಾಲೊರನ್. ಹತ್ತು ಗಂಟೆಗೆ ಬರ್ತೀನಿ ಅಂದಿದ್ದೆ."

ಕೆರಿನ್ ಅವಳನ್ನು ನೋಡಿದಳು. ಹಿತ್ತಲ ಕಡೆ ತಿರುಗಿದಳು. ಮೇಜಿನ ಮೇಲಿದ್ದ ಖಾಲಿ ಲೋಟ ನೋಡಿದಳು. ಕೆವ್‌ನ ಜಾಗಕ್ಕೆ ಬೇರೆಯವನನ್ನು ಈ ತಿಂಗಳು ಕಳಿಸುತ್ತೇವೆಂದು ಕಂಪನಿಯವರು ಹೇಳಿದ್ದು ಈಗ ನೆನಪಾಯಿತು.

"ಯಾರಾದ್ರೂ ಬಂದಿದಾರಾ?" ಹ್ಯಾಲೊರನ್ ಕೇಳಿದಳು. "ವಿನಿ ಎಲ್ಲಿ?"

ಕೆರಿನ್ ಮೇಜಿನ ಮೇಲಿದ್ದ ಬಾಚಣಿಗೆ ಕೈಗೆತ್ತಿಕೊಂಡಳು. ವಿನಿಯನ್ನು ಕೂಗಿ, ಕೈ ತೊಳೆಸಿ, ಅರ್ಧ ಜಡೆ ಮುಗಿಸಿ, ಗ್ಲೋಬಿನ ಪಕ್ಕ ಕೂರಿಸಬಹುದಿತ್ತು. ಆಗ ಏನಾಗುತ್ತದೆ ಎಂದೂ ಅವಳಿಗೆ ಗೊತ್ತಿತ್ತು. ಮಗಳು ನೆಲ ನೋಡುತ್ತ ಕೂರುತ್ತಾಳೆ.

"ಹಿತ್ತಲಲ್ಲಿದಾಳೆ. ಸೆಪ್ಟಿಕ್ ಟ್ಯಾಂಕಿನವನ ಜೊತೆ" ಎಂದಳು. "ನಿಮ್ಗೆ ನಿಜ ಹೇಳ್ತೀನಿ. ಈ ಮೇಜು, ಗ್ಲೋಬು, ಇದೆಲ್ಲ ನಿಮಗೋಸ್ಕರ ಇಟ್ಟಿದ್ದು. ಅವಳು ಹೊರಗಿನವರ ಹತ್ರ ಮಾತಾಡಲ್ಲ. ಇವತ್ತೇ ಮೊದಲು. ನೀವು ಹತ್ತಿರ ಹೋದ್ರೆ ನಿಲ್ಲಿಸಿಬಿಡಬಹುದು. ವಾಸನೆ ತಡೆಯೋ ಹಾಗಿದ್ರೆ ಮರೆಯಲ್ಲಿ ನಿಂತು ಕೇಳಿ."

ಹ್ಯಾಲೊರನ್ ಜೇಬಿನಿಂದ ಕರವಸ್ತ್ರ ತೆಗೆದು ಮೂಗೊರೆಸಿಕೊಂಡಳು. "ನಂಗೆ ನೆಗಡಿ. ನಡೀರಿ" ಎಂದಳು.

ಹಿತ್ತಲಲ್ಲಿ ಒಣಹಾಕಿದ್ದ ಹಾಸಿಗೆ ಹೊದಿಕೆಗಳು ಹಾಲಿನಷ್ಟು ಬಿಳಿಯಾಗಿ ಗಾಳಿಗೆ ಉಬ್ಬುತ್ತಿದ್ದವು. ಇಬ್ಬರೂ ಅವುಗಳ ಮರೆಯಲ್ಲಿ ನಿಂತರು. ಆಗಸ್ಟ್ ಈ ಸೀಮೆಗೆ ಚಳಿಗಾಲ. ರಾತ್ರಿಯ ಹಿಮಕ್ಕೆ ಸುತ್ತಲಿನ ಹುಲ್ಲೆಲ್ಲ ಕಂದಿದ್ದರೂ ಅವರ ಕಾಲ ಕೆಳಗೆ ಮಾತ್ರ ಹಸಿರಾಗಿತ್ತು. ಆ ಕಡೆಯಿಂದ ವಿನಿಯ ದನಿ ಬರುತ್ತಲೇ ಇತ್ತು. ನೀರು ಯಾವ ಗುಂಡಿಯಿಂದ ಯಾವ ಗುಂಡಿಗೆ ಹೋಗುತ್ತದೆ, ಎಲ್ಲಿ ತಿಳಿಯಾಗುತ್ತದೆ, ಕೊನೆಗೆ ಯಾವ ಕೊಳವೆಯಿಂದ ಹುಲ್ಲಿಗೆ ಚಿಮ್ಮುತ್ತದೆ. ಡೆಸ್ ನಡುನಡುವೆ ಹೂಂಗುಟ್ಟುತ್ತಿದ್ದ.

"ಹುಳ ಬೆಳೆಯೋದು ಆಮೇಲೆ ನೋಡೋಣ. ನೀರು ಹೊರಗೆ ಬಿಡೋ ಪಂಪು ಹಾಕಿ ನೋಡ್ಲಾ?"

ವಿನಿ ಉತ್ತರ ಹೇಳಲಿಲ್ಲ.

ಕೆರಿನ್ ತಲೆ ಬಗ್ಗಿಸಿ ನೋಡಿದಳು. ಹೊದಿಕೆಯ ಅಂಚಿನ ಕೆಳಗೆ ಹ್ಯಾಲೊರನ್‌ಳ ಕಂದು ಬೂಟುಗಳು ಎದ್ದು ಕಾಣುತ್ತಿದ್ದವು. ಮಗಳು ಅವನ್ನು ಕಂಡಿದ್ದಳು. ಕೆಲಸ ಕೆಟ್ಟಿತು ಎಂದುಕೊಂಡಳು ಕೆರಿನ್. ತಪ್ಪು ತನ್ನದೇ, ಇಷ್ಟು ಹತ್ತಿರ ಕರೆತರಬಾರದಿತ್ತು.

"ಅಲ್ಲಿ ನಿಲ್ಬೇಡಿ" ಎಂದಿತು ವಿನಿಯ ದನಿ.

ಹ್ಯಾಲೊರನ್ ಅಲುಗಲಿಲ್ಲ.

"ನಿಮ್ಗೇ ಹೇಳಿದ್ದು, ಬೂಟಿನವರಿಗೆ. ನೀರು ಅಲ್ಲೇ ಚಿಮ್ಮೋದು. ಈ ಕಡೆ ಬನ್ನಿ."

ಹ್ಯಾಲೊರನ್ ಹೊದಿಕೆಯ ಅಂಚನ್ನು ಎತ್ತಿ, ತಲೆ ತಗ್ಗಿಸಿ ಆ ಕಡೆಗೆ ದಾಟಿ ಹೋದಳು. ಕೆರಿನ್ ಮಗಳ ದನಿಗೆ ಕಿವಿಗೊಟ್ಟು ಹೊದಿಕೆಯ ಈಚೆಗೇ ಉಳಿದಳು. ಪಂಪು ಗೊರಗುಟ್ಟಿತು, ಹುಲ್ಲಿನೊಳಗಿನ ನೀರು ಚಿಮ್ಮಿಸುವ ಕೊಳವೆ ಎರಡು ಸಲ ಕೆಮ್ಮಿ ತಿರುಗತೊಡಗಿತು. ಗಬ್ಬು ನೀರು ಬಿಳಿ ಹೊದಿಕೆಗಳ ಮೇಲೆ ಉದ್ದಕ್ಕೂ ಚಿಮ್ಮಿತು, ಕೆರಿನ್ ಮೇಲೂ ಬಿತ್ತು. ಅವಳು ಬಾಚಣಿಗೆ ಹಿಡಿದುಕೊಂಡು ಅಲ್ಲೇ ನಿಂತಿದ್ದಳು.