ನಾನು ಬಿಟ್ಟ ಮೂರು ಪುಟ

ಅಡಿವೆಪ್ಪನವರ ಬಲಗೈ ಅಚ್ಚುಮೊಳೆ ತುಂಬಿದ ಕೇಸಿನ ಖಾನೆಗಳ ಮೇಲೆ ಕಾಳು ಹೆಕ್ಕುವ ಕೋಳಿಯಂತೆ ಓಡಾಡುತ್ತಿತ್ತು. ಕಣ್ಣು ಹಸ್ತಪ್ರತಿಯ ಮೇಲೆ, ಕೈ ಮೊಳೆಗಳ ಮೇಲೆ. ಎರಡರ ನಡುವೆ ಒಬ್ಬ ಮನುಷ್ಯ ನಿಂತಿದ್ದಾನೆಂದು ಅನ್ನಿಸುತ್ತಲೇ ಇರಲಿಲ್ಲ. ಆ ಮುದ್ರಣಾಲಯದಲ್ಲಿ ಅವರಷ್ಟು ಬೇಗ ಮೊಳೆ ಜೋಡಿಸುವವರು ಬೇರೆ ಯಾರೂ ಇರಲಿಲ್ಲ. ಅದರ ಗುಟ್ಟನ್ನು ಮೊದಲ ದಿನವೇ ನನಗೆ ಹೇಳಿದ್ದರು.

"ಓದಬಾರದು ನೋಡ್ರಿ. ಅಕ್ಷರ ಅಷ್ಟ ನೋಡಬೇಕು. ಓದಿದ್ರ ಕೈ ನಿಂತುಬಿಡತೈತಿ."

ಲಗ್ನಪತ್ರಿಕೆ, ಪಂಚಾಂಗ, ಪುರಾಣ, ಶಾಲೆಯ ವ್ಯಾಕರಣ, ಎಲ್ಲವನ್ನೂ ಮೂವತ್ತು ವರ್ಷ ಹೀಗೆ ಓದದೆಯೇ ಜೋಡಿಸಿದ್ದರು. ಆ ತಿಂಗಳು ಹಳೆಯ ಫೋರ್‌ಮನ್ ಕೆಲಸ ಬಿಟ್ಟು ಹೋಗಿದ್ದರು. ಖಾಲಿಯಾದ ಆ ಜಾಗ ಅಡಿವೆಪ್ಪನವರಿಗೇ ಎಂದು ಎಲ್ಲರೂ ತಿಳಿದಿದ್ದರು. ಹೆಂಡತಿ ಕಾಶವ್ವ ಓಣಿಯ ನಲ್ಲಿಯ ಹತ್ತಿರ ಅದನ್ನು ಆಗಲೇ ಹೇಳಿಬಿಟ್ಟಿದ್ದಳು. ಮಶೀನು ನಡೆಸುವ ಇಮಾಮಸಾಬರಿಗಂತೂ ಅದೊಂದು ಆಟ.

"ಫೋರ್ಮನ್ನರ, ಇನ್ನ ರಜಾ ಬೇಕಂದ್ರ ನಿಮಗ ಅರ್ಜಿ ಬರಕೊಡಬೇಕೇನ್ರಿ?"

"ನಿನಗ ಬರೀಲಿಕ್ಕ ಬರಂಗಿಲ್ಲ. ರಜಾನೂ ಇಲ್ಲ, ಹೋಗು."

ಆಗ ಅವರು ಜೋಡಿಸುತ್ತಿದ್ದುದು ನನ್ನ ಮೊದಲ ಪುಸ್ತಕ. ನನ್ನದೆಂದರೆ, ನಾನು ಅನುವಾದಿಸಿದ್ದು. ದೂರದ ಭಾಷೆಯೊಂದರ ಹಳೆಯ ಕಾದಂಬರಿ. ಅಲ್ಲಿ ಅದನ್ನು ಅಧ್ಯಾತ್ಮದ ಗ್ರಂಥವೆಂದೇ ಓದುತ್ತಾರೆ. ರಾಜರಿಂದ ಗೌರವ ಪಡೆದ ಸೇತುವೆ ಕಟ್ಟುವವನೊಬ್ಬ ಎಲ್ಲ ಬಿಟ್ಟು ಬೆಟ್ಟದ ದಾರಿ ಹಿಡಿಯುತ್ತಾನೆ. ಕೊನೆಗೆ ಒಂದು ಧರ್ಮಶಾಲೆಯಲ್ಲಿ ದಾರಿಹೋಕರ ಕಾಲು ತೊಳೆಯುತ್ತಾ ಉಳಿದುಬಿಡುತ್ತಾನೆ. ಅವನ ಸೋಲಿನಂತಹ ಗೆಲುವು ನನಗೆ ಬೇಕಿರಲಿಲ್ಲ. ನನ್ನ ಹೆಸರು ಮುಖಪುಟದ ಮೇಲೆ ಬರಬೇಕಿತ್ತು, ಊರಿನ ಸಾಹಿತ್ಯ ಸಭೆಯಲ್ಲಿ ಬಿಡುಗಡೆಯಾಗಬೇಕಿತ್ತು. ಸಭೆಗೆ ಇನ್ನು ಎರಡು ವಾರವಿತ್ತು.

ಪುಸ್ತಕಕ್ಕೆ ಬಳಸಿದ ಅಳತೆಯ ಮೊಳೆಗಳು ಮುದ್ರಣಾಲಯದಲ್ಲಿ ಹದಿನಾರು ಪುಟಕ್ಕಷ್ಟೇ ಸಾಲುತ್ತಿದ್ದವು. ಹದಿನಾರು ಪುಟ ಜೋಡಿಸಿ, ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದು, ಅಚ್ಚು ಹಾಕಿ, ಮೊಳೆ ಬಿಚ್ಚಿ ಕೇಸಿಗೆ ಹಂಚಿದ ಮೇಲೆಯೇ ಮುಂದಿನ ಹದಿನಾರು. ಬಿಚ್ಚಿದ್ದಕ್ಕೆ ಮತ್ತೆ ಏನನ್ನೂ ಸೇರಿಸುವಂತಿರಲಿಲ್ಲ. ಇನ್ನೊಂದು ಕಟ್ಟುಪಾಡೂ ಇತ್ತು. ಜೋಡಿಸಿದವನೇ ಚೌಕಟ್ಟನ್ನು ಬಿಗಿಯಬೇಕು. ಅವನನ್ನು ಬಿಟ್ಟರೆ ಫೋರ್‌ಮನ್ ಒಬ್ಬನೇ ಅದಕ್ಕೆ ಕೈ ಹಾಕಬಹುದು.

ಮೂರನೆಯ ಕಂತಿನಲ್ಲಿ ಅಡಿವೆಪ್ಪನವರ ಕೈ ಮೊದಲ ಬಾರಿ ನಿಂತಿತು. ಹೆಕ್ಕುತ್ತಿದ್ದ ಕೋಳಿ ಏನೋ ಸದ್ದಿಗೆ ತಲೆಯೆತ್ತಿದಂತೆ ಕೈ ಗಾಳಿಯಲ್ಲೇ ಇತ್ತು. ಕಣ್ಣು ಹಾಳೆಯ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಅವರು ಓದುತ್ತಿದ್ದರು. ನನಗೆ ಹೆಮ್ಮೆಯಾಯಿತೆಂದು ಒಪ್ಪಿಕೊಳ್ಳಬೇಕು.

ಐದನೆಯ ಕಂತು ಬಿಗಿಯುವ ಮೊದಲು ನನ್ನನ್ನು ಕರೆದರು.

"ಸರ, ಇವನ ಕಾಲು ಯಾರು ಕಟ್ಟಿದ್ರು?"

"ಯಾರ ಕಾಲು?"

"ಸೇತುವೆ ಕಟ್ಟಾಂವಂದು. ಈ ಪುಟದಾಗ ಕಾಲು ಒಡಕೊಂಡು ದಾರ್ಯಾಗ ಬಿದ್ದಾನ. ಮುಂದಿನ ಪುಟದಾಗ ನೋಡಿದ್ರ ಧರ್ಮಶಾಲಿಯೊಳಗ ಮಂದಿ ಕಾಲು ತೊಳೀಲಿಕ್ಕೆ ಹತ್ತ್ಯಾನ. ನಡುವ ಯಾರೋ ಒಬ್ಬರು ಬಂದಿರಬೇಕಲ್ರಿ."

"ಕಾದಂಬರಿಯೊಳಗ ಎಲ್ಲಾ ಹೇಳಂಗಿಲ್ರಿ. ಓದುವವರು ತಿಳಕೋಬೇಕು."

"ಅಂವನ ಅಂಗೀಗೆ ಎಷ್ಟು ಗುಂಡಿ ಅಂತ ಸೈತ ಹೇಳ್ಯಾನ. ಇದೊಂದ ಯಾಕ ಬಿಟ್ಟಾನು?"

ಬಿಟ್ಟವನು ಅವನಲ್ಲ, ನಾನು. ಅಲ್ಲಿ ಮೂರು ಪುಟಗಳಿದ್ದವು. ಹೊಸ ಬರವಣಿಗೆಯನ್ನೇ ಉಸಿರಾಡುತ್ತಿದ್ದ ನನಗೆ ಅವು ಏನೂ ನಡೆಯದ ಪುಟಗಳಾಗಿ ಕಂಡಿದ್ದವು. ಭಾಷೆಯೂ ತೊಡಕಾಗಿತ್ತು. ಮೂಲವನ್ನು ಓದಬಲ್ಲವರು ಊರಿನಲ್ಲಿ ಇನ್ನೊಬ್ಬರಿರಲಿಲ್ಲ.

ಮಾತು ಮಾಲೀಕರ ಕಿವಿಗೆ ಬಿತ್ತು. ಗುರುಪಾದಪ್ಪನವರು ಹೊರಗೆ ಬಂದು ನನ್ನನ್ನು ನೇರವಾಗಿ ಕೇಳಿದರು.

"ಏನಾರ ಬಿಟ್ಟೀರೇನ್ರಿ?"

"ಇಲ್ಲ" ಎಂದೆ. ಮೂಲ ಪುಸ್ತಕ ನನ್ನ ಹೆಗಲ ಚೀಲದಲ್ಲೇ ಇತ್ತು.

"ಬರದವರ ಇಲ್ಲ ಅಂತಾರ. ನಿಂದೇನೋ ತ್ರಾಸು, ಅಡಿವೆಪ್ಪ? ಬಿಗಿ."

"ಮೊಳಿ ನಿಮ್ಮವು, ಸಾವಕಾರ್ರ. ನನ್ನ ಕೈಲೆ ಆಗೂದಿಲ್ಲ. ಬಿಚ್ಚಿದ ಮ್ಯಾಲ ಅಂವ ಹಂಗ ಬಿದ್ದಿರತಾನ."

ಹಾಗೆಂದವರು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ಮಶೀನು ಇಡೀ ದಿನ ನಿಂತಿತು. ಇಮಾಮಸಾಬರು ಎರಡು ಸಲ ಹೊರಗೆ ಹೋಗಿ ಬಂದರು. "ಕಾಗದದೊಳಗಿನ ಮನಶಾನ ಕಾಲಿಗೆ ನಿನ್ನ ನೌಕರಿ ಹರದು ಪಟ್ಟಿ ಕಟ್ಟತಿಯೇನೋ?" ಎಂದು ಅವರು ಕೇಳಿದ್ದು ಒಳಗಿನವರೆಗೂ ಕೇಳಿಸಿತು.

ಸಂಜೆ ಮನೆಯಲ್ಲಿ ಮೂಲವನ್ನು ತೆರೆದೆ. ಆ ಪುಟಗಳು ನಿಜಕ್ಕೂ ನೀರಸವೆಂದು ಖಚಿತಪಡಿಸಿಕೊಳ್ಳುವುದಷ್ಟೇ ನನ್ನ ಉದ್ದೇಶವಾಗಿತ್ತು. ಕಟ್ಟಿಗೆಯ ಹೊರೆ ಹೊತ್ತ ಮುದುಕಿಯೊಬ್ಬಳು ಬರುತ್ತಾಳೆ. ಹೊರೆಯನ್ನು ಕೆಳಗೆ ಹಾಕುತ್ತಾಳೆ, ಅವನ ಗಾಯ ತೊಳೆದು ಬಟ್ಟೆ ಕಟ್ಟುತ್ತಾಳೆ. ನೀನು ಯಾರು, ಏನು ಕಟ್ಟಿದವನು ಎಂದು ಅವಳು ಕೇಳುವುದಿಲ್ಲ. ಆಮೇಲೆ ಅಲ್ಲೇ ಕೂತುಬಿಡುತ್ತಾಳೆ, ಏಕೆಂದರೆ ಹೊರೆಯನ್ನು ತಲೆಯ ಮೇಲೆ ಎತ್ತಿಕೊಳ್ಳಲು ಇನ್ನೊಬ್ಬರು ಬೇಕು. ಅವನು ಏಳಲಾರ. ಅದು ಗೊತ್ತಿದ್ದೇ ಅವಳು ಹೊರೆಯನ್ನು ಇಳಿಸಿದ್ದಳು. ಉಳಿದ ಪುಟಗಳ ತುಂಬ ಅವರಿಬ್ಬರೂ ಮೂರನೆಯವರಿಗಾಗಿ ಕಾಯುತ್ತಾರೆ, ಅಷ್ಟೆ.

ಮೊದಲ ಸಲ ಓದಿದಾಗ ನಾನು ಈ ಕಾಯುವಿಕೆಯನ್ನು ನೋಡಿರಲೇ ಇಲ್ಲ. ಅದಿಲ್ಲದೆ ಅವನೇಕೆ ಕಾಲು ತೊಳೆಯುತ್ತಾ ಉಳಿದನೆಂಬುದಕ್ಕೆ ಪುಸ್ತಕದಲ್ಲಿ ಬೇರೆ ಕಾರಣವೇ ಇರಲಿಲ್ಲ.

ಮರುದಿನ ಮಧ್ಯಾಹ್ನ, ರಾತ್ರಿ ಕೂತು ಅನುವಾದಿಸಿದ ಮೂರು ಪುಟ ಹಿಡಿದು ಹೋದೆ. ಅಷ್ಟರಲ್ಲಿ ಅಡಿವೆಪ್ಪನವರಿಗಿಂತ ಹತ್ತು ವರ್ಷ ಚಿಕ್ಕವನಾದ, ಅಲ್ಲೇ ಮೊಳೆ ಜೋಡಿಸುತ್ತಿದ್ದ ತಿಪ್ಪಣ್ಣನನ್ನು ಫೋರ್‌ಮನ್ ಮಾಡಿ ಕೊರಳಿಗೆ ಮಾಲೆಯನ್ನೂ ಹಾಕಿದ್ದರು. ಅವನ ಕೈಯಲ್ಲಿ ಚೌಕಟ್ಟು ಬಿಗಿಯುವ ಕೀಲಿ ಇತ್ತು, ಇನ್ನೂ ಬಿಗಿದಿರಲಿಲ್ಲ.

"ಈ ಹಾಳಿ ಮನ್ಯಾಗ ಉಳಿದಿದ್ದವು" ಎಂದು ಮಾಲೀಕರಿಗೆ ಹೇಳಿದೆ. ನಿಜ ಹೇಳಲೆಂದೇ ಬಂದವನು ಅದರ ಅರ್ಧವನ್ನಷ್ಟೇ ಹೇಳಿದ್ದೆ.

"ಹಂಗಾರ ಅಡಿವೆಪ್ಪ ಅಂದದ್ದು ಖರೆ" ಎಂದು ಗುರುಪಾದಪ್ಪನವರು ಸ್ವಲ್ಪ ಹೊತ್ತು ಮಾಲೆಯ ಕಡೆ ನೋಡಿದರು. "ಆದ್ರ ಇದು ಆಗಿಹೋತಲ್ಲ."

ಅಂದೂ ಮೆಟ್ಟಿಲ ಮೇಲೇ ಕೂತಿದ್ದ ಅಡಿವೆಪ್ಪನವರು ಎದ್ದು ಬಂದು, ಕೈ ತೊಳೆದು, ಕಂತಿನ ಕೊನೆಯ ಮೂರು ಪುಟ ಬಿಚ್ಚಿ ಮೊಳೆ ಹೊಂದಿಸಿಕೊಂಡು, ಹಾಳೆಗಳನ್ನು ಎದುರಿಗೆ ಇಟ್ಟುಕೊಂಡರು. ಕೈ ಹೆಕ್ಕಿತು, ನಿಂತಿತು, ಮತ್ತೆ ಹೆಕ್ಕಿತು. ಮೂರು ಪುಟಕ್ಕೆ ಸಂಜೆಯಾಯಿತು.

"ತಡ ಆತ್ರಿ" ಎಂದರು ಕೊನೆಗೆ. "ಓದಿಕೋತ ಜೋಡಿಸಿದೆ."

"ನನ್ನಿಂದ ನಿಮ್ಮ ಜಾಗಾ ಹೋತು."

"ಮನ್ಯಾಗ ಹೇಳೂದು ಕಷ್ಟ ಆಗತೈತಿ, ನೋಡ್ರಿ. ಓಣಿ ತುಂಬ ಹೇಳಿಕೊಂಡು ಕುಂತಾಳ." ಒದ್ದೆ ಬಟ್ಟೆಯಿಂದ ಬೆರಳು ಒರೆಸಿಕೊಂಡರು. "ಮೂವತ್ತು ವರ್ಷ ಜೋಡಿಸೀನ್ರಿ. ಏನು ಜೋಡಿಸಿದೆ ಅಂತ ಯಾರರ ಕೇಳಿದ್ರ ಹೇಳಾಕ ಒಂದೂ ಇರಲಿಲ್ಲ. ಈಗ ಒಂದೈತಿ."

ಸಭೆಯ ದಿನ ಪುಸ್ತಕ ಬಿಡುಗಡೆಯಾಯಿತು. ಮುಖಪುಟದ ಮೇಲೆ ನನ್ನ ಹೆಸರು ನಾನು ಬಯಸಿದಷ್ಟೇ ದೊಡ್ಡದಾಗಿತ್ತು. ಹೊಗಳಿದ ಗಣ್ಯರು ಮೊದಲ ಅಧ್ಯಾಯದ ಆಚೆ ದಾಟಿರಲಿಲ್ಲ. ನನ್ನ ಸರದಿ ಬಂದಾಗ ಬರೆದುಕೊಂಡು ಹೋಗಿದ್ದ ಭಾಷಣವನ್ನು ಮಡಿಸಿಟ್ಟೆ. ಮೂರು ಪುಟಗಳನ್ನು ಬೇಕೆಂದೇ ಬಿಟ್ಟದ್ದನ್ನೂ, ಕೇಳಿದಾಗ ಸುಳ್ಳು ಹೇಳಿದ್ದನ್ನೂ, ಅದನ್ನು ಕಂಡುಹಿಡಿದವರು ತಮಗೆ ಬರಬೇಕಾದ ಜಾಗ ಕಳೆದುಕೊಂಡದ್ದನ್ನೂ ಹೇಳಿದೆ. ಅಡಿವೆಪ್ಪನವರ ಹೆಸರನ್ನೂ ಹೇಳಿದೆ.

ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಶಾಲು ಹೊದಿಸುತ್ತಾ ಗುರುಪಾದಪ್ಪನವರು ಕಿವಿಯಲ್ಲಿ, "ಛಲೋ ಮಾತಾಡಿದ್ರಿ. ಎಷ್ಟು ವಿನಯ ನಿಮ್ಮದು" ಎಂದರು. ಆ ಶಾಲನ್ನು ತೆಗೆಯುವ ದಾರಿ ನನಗೆ ತಿಳಿಯಲಿಲ್ಲ. ತಿಪ್ಪಣ್ಣನೇ ಫೋರ್‌ಮನ್ ಆಗಿ ಉಳಿದ.

ಜನ ಕರಗುವಾಗ ಕಾಶವ್ವ ವೇದಿಕೆಯ ಹತ್ತಿರ ಬಂದಳು. ಅವಳನ್ನು ನೋಡಿದ್ದು ಅದೇ ಮೊದಲು.

"ನೀವು ಅಂದದ್ದು ಖರೆ ಏನ್ರಿ? ನಮ್ಮವರದು ತಪ್ಪಿಲ್ಲ?"

"ಇಲ್ರಿ. ನಂದು."

"ನನ್ನ ಮುಂದ ಒಂದ ಮಾತು ಹೇಳಲಿಲ್ಲ, ನೋಡ್ರಿ. ಕೆಲಸ ಮಾಡೂದು ತಡ ಆತು, ಅದಕ್ಕ ಹೋತು ಅಂದ್ರು. ಹತ್ತು ದಿನ ಅವರ ಜೋಡಿ ಮಾತು ಬಿಟ್ಟಿದ್ದೆ." ಮತ್ತೇನೂ ಕೇಳದೆ ಹೊರಟುಹೋದಳು.

ನಾನು ಹೊರಗೆ ಬಂದಾಗ ಅವರಿಬ್ಬರೂ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಿದ್ದರು. ಹುರಿದ ಶೇಂಗಾದ ಪೊಟ್ಟಣವನ್ನು ಕಾಶವ್ವ ಸೆರಗಿಗೆ ಸುರಿದುಕೊಂಡಳು. ಖಾಲಿ ಕಾಗದವನ್ನು ಎಸೆಯಹೋದವಳ ಕೈಯಿಂದ ಅಡಿವೆಪ್ಪನವರು ಅದನ್ನು ತೆಗೆದುಕೊಂಡರು. ತೊಡೆಯ ಮೇಲಿಟ್ಟು ಸುಕ್ಕು ಬಿಡಿಸಿದರು. ಯಾವುದೋ ಪುಸ್ತಕದ ಹರಿದ ಹಾಳೆ. ಅವರು ಮೊದಲ ಸಾಲಿನಿಂದ ಓದತೊಡಗಿದರು. ಅವಳು ಒಂದೊಂದೇ ಕಾಯಿ ಸುಲಿದು, ಕಾಳನ್ನು ಬೇರೆಯಾಗಿ ಇಡುತ್ತಾ, ಅವರು ಪುಟ ಮುಗಿಸುವುದನ್ನು ಕಾಯುತ್ತಿದ್ದಳು.