ಕರೆದರೆ ಓ ಅನ್ನಬೇಕು

ಕಳಕವ್ವನ ಮನೆಯಲ್ಲಿ ಬೆಳಗಾಗುತ್ತಿದ್ದುದು ಸತ್ತ ಮಗನ ಕೂಗಿನಿಂದ. ಒಲೆ ಹೊತ್ತಿಸಿ ಚಹಾಕ್ಕೆ ಇಟ್ಟವಳೇ ಆಕೆ ಜೋಳದ ಚೀಲಗಳ ಹಿಂದಿನ ಕರಿ ಸ್ಪೀಕರ್ ಡಬ್ಬಿಯ ಗುಂಡಿ ಒತ್ತುತ್ತಿದ್ದಳು. ಅದಕ್ಕೆ ಸಿಕ್ಕಿಸಿದ ಪೆನ್‌ಡ್ರೈವಿನಿಂದ ನಾಲ್ಕು ದನಿಗಳು ಒಟ್ಟಿಗೇ ಏಳುತ್ತಿದ್ದವು: ‘ಆ...ವೇ...’ ಎಲ್ಲಕ್ಕಿಂತ ತಳದ ದನಿ ರಾಜರತ್ನನದು. ಕಳಕವ್ವ ಜೋಳದ ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಿ, ತಲೆ ಎತ್ತಿ, “ಓ, ಬಂದ್ಯೋ ನನ್ನಪ್ಪಾ” ಅನ್ನುತ್ತಿದ್ದಳು. ಆಮೇಲೆಯೇ ಆಕೆಗೆ ರೊಟ್ಟಿ ಬಡಿಯಲು ಕೈ ಬರುತ್ತಿದ್ದುದು.

ಓಣಿಯ ಮಕ್ಕಳೆಲ್ಲ ‘ಯವ್ವಾ’ ಎಂದರೆ ರಾಜರತ್ನನೊಬ್ಬ ಸಣ್ಣವನಿದ್ದಾಗಿನಿಂದ ‘ಅವ್ವೇ’ ಎಂದು ಎಳೆದು ಕರೆಯುತ್ತಿದ್ದ. ಮಲಪ್ರಭೆಯ ದಂಡೆಯ ಹೊಲದಲ್ಲಿ ಕಸ ತೆಗೆಯುವ ಹೆಂಗಸರು ಆ ಕೂಗು ಕೇಳಿದರೆ ಸಾಕು, “ಕಳಕವ್ವಾ, ನಿನ್ನ ಕರ ಒದರಾಕತ್ತೈತಿ ನೋಡು” ಎಂದು ಚುಡಾಯಿಸುತ್ತಿದ್ದರು. ಕರೆದರೆ ಓ ಅನ್ನಬೇಕು, ಅದು ಆ ಓಣಿಯ ಕಾನೂನು. ಗಂಡ ಹೆಂಡತಿ ಜಗಳವಾಡಿ ಮಾತು ಬಿಟ್ಟರೂ ಓ ಬಿಡುವುದಿಲ್ಲ. ಓ ಅನ್ನದೆ ಸುಮ್ಮನಿದ್ದರೆ ‘ನೀನು ನನ್ನ ಪಾಲಿಗೆ ಸತ್ತೆ’ ಅಂದ ಹಾಗೆ.

ಈಗ ಸತ್ತವನೇ ಕರೆಯುತ್ತಿದ್ದ, ಆಕೆ ಓ ಅನ್ನುತ್ತಿದ್ದಳು. ಗೋಡೆಯ ಮೇಲೆ ಅವನ ಫೋಟೋ ಇತ್ತು. ಆಧಾರ್ ಕಾರ್ಡಿನದನ್ನು ರೋಣದಲ್ಲಿ ದೊಡ್ಡದು ಮಾಡಿಸಿದ್ದು. ಅದರಲ್ಲಿ ಅವನು ಕಳ್ಳತನ ಮಾಡಿ ಸಿಕ್ಕಿಬಿದ್ದವನಂತೆ ಕಾಣುತ್ತಿದ್ದ. ಹಳೆಯ ಫೋಟೋಗಳೆಲ್ಲ ಹೊಳೆ ಬಂದ ವರ್ಷ ಹೊಳೆಮಣ್ಣೂರಿನ ಹಳೇ ಮನೆಯ ಜೊತೆಗೇ ಹೋಗಿದ್ದವು. ಮುಳುಗಿದವರಿಗೆಂದು ಸರ್ಕಾರ ಕಟ್ಟಿಸಿಕೊಟ್ಟ ನವಗ್ರಾಮದ ಈ ಆಸರೆ ಮನೆಯಲ್ಲಿ ಮಗ ಅಂತ ಉಳಿದದ್ದು ಆ ಡಬ್ಬಿಯೊಂದೇ. “ಫೋಟೋದಾಗಿನಾಂವ ಯಾಂವನೋ ಏನೋ. ನನ್ನ ಮಗ ಇದರಾಗ ಅದಾನ” ಎನ್ನುತ್ತಿದ್ದಳು ಕಳಕವ್ವ.

ಮಗಳು ಅನಿತಾಳಿಗೆ ಮಾತ್ರ ಗೊತ್ತಿತ್ತು, ಅದು ‘ಅವ್ವೇ’ ಅಲ್ಲ ಎಂದು.

ಅಣ್ಣ ಹೇಳಿಕೊಟ್ಟಿದ್ದ. ಮೀಸೆ ಮೂಡುವ ಮೊದಲೇ ಗೋವಾಕ್ಕೆ ಗಿಲಾಯಿ ಕೆಲಸಕ್ಕೆ, ಗೋಡೆಗೆ ಸಿಮೆಂಟು ಮೆತ್ತಲು, ಹೋದವನು ಅವನು. ಒಂದು ಇಗರ್ಜಿಯ ಒಳಗೋಡೆಗೆ ಗಿಲಾಯಿ ಮಾಡುತ್ತ, ಊರಲ್ಲಿ ಮೊಹರಂ ದಿನ ಹಾಡುತ್ತಿದ್ದ ರಿವಾಯತ್ ಪದ ಎತ್ತಿದ್ದನಂತೆ. ಕೆಳಗೆ ನಿಂತಿದ್ದ ಪಾದ್ರಿ ಮೇಲೆ ನೋಡಿದರಂತೆ. ಅಂಥ ತಗ್ಗಿನ ದನಿಗಾಗಿ ಅವರು ಎಷ್ಟೋ ದಿನದಿಂದ ಹುಡುಕುತ್ತಿದ್ದರು. ಹೀಗೆ ಸಿಮೆಂಟಿನ ಕೈ ತೊಳೆದುಕೊಂಡು ಸಂಜೆ ಸಂಜೆ ಹಾಡಲು ಹೋದವನು, ಎರಡು ವರ್ಷದಲ್ಲಿ ನಾಲ್ವರ ಮೇಳದಲ್ಲಿ ಒಬ್ಬನಾದ. ಅದೇ ಇಗರ್ಜಿಯಲ್ಲಿ, ಅವನೇ ನುಣುಪು ಮಾಡಿದ ಗೋಡೆಗಳ ನಡುವೆ, ಹಾಡುಗಳನ್ನು ರೆಕಾರ್ಡ್ ಮಾಡಿದರು. ಪಂಚಮಿಗೆ ಬಂದವನು ಆ ಪೆನ್‌ಡ್ರೈವನ್ನೂ ಡಬ್ಬಿಯನ್ನೂ ತಂದ.

“ಈ ಹಾಡು ಕಟ್ಟಿದಾಂವ ಇಂಗ್ಲೆಂಡಿನ್ಯಾಗ ನಾನೂರು ವರ್ಷದ ಹಿಂದ ಇದ್ದಾಂವಂತ,” ಎಂದಿದ್ದ ಅಂದು, ಕಟ್ಟೆಯ ಮೇಲೆ ಅನಿತಾಳ ಪಕ್ಕ ಕೂತು. “ಅವನ ಹೆಸರಿಗೆ ಹಕ್ಕಿ ಅಂತ ಅರ್ಥ ಬರತೈತಂತ. ರಾಣೀದೊಂದು ಮತ, ಹಕ್ಕಿ ಮಾಸ್ತರಂದೊಂದು. ಅವನ ಮತದಾಗ ಪೂಜಿ ಮಾಡಿದ್ರ ದಂಡ, ಜೈಲು. ಪಾದ್ರಿಗೋಳನ್ನಂತೂ ಗಲ್ಲಿಗೆ ಹಾಕತಿದ್ರಂತ. ಅದಕ್ಕ ಇಂವ ಮೂರು ಮಂದಿ, ನಾಕು ಮಂದಿ ಬಾಗಲಾ ಹಾಕ್ಕೊಂಡು ಸಣ್ಣ ದನೀಲೆ ಹಾಡೂವಂಗ ಬರದಾನ.”

“ನೀ ಏನ್ ಆ ಮತಕ್ಕ ಸೇರಿದೇನು?” ಅನಿತಾ ನೇರವಾಗಿ ಕೇಳಿದ್ದಳು.

“ಇಲ್ಲವಾ. ಹಾಡಾಕ ಕರದ್ರು, ಹ್ವಾದೆ. ಅಲ್ಲೆ ಯಾರೂ ನನಗ ನೀ ಯಾರಾಂವ ಅಂತ ಕೇಳಲಿಲ್ಲ. ಅದ ಹಿತ ಅನಿಸ್ತು.”

ಒಳಗಿನಿಂದ ಅವ್ವನ ‘ಓ’ ಕೇಳಿಸಿದ್ದು ಆಗಲೇ. ಡಬ್ಬಿ ಹಚ್ಚಿಕೊಂಡು ಕೂತಿದ್ದ ಕಳಕವ್ವ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದು, “ಇಷ್ಟು ದೂರ ಹೋಗಿ ಹಾಡಿನ್ಯಾಗ ನನ್ನ ಕರದ್ಯಾ?” ಎಂದಳು. ಅಣ್ಣ ತಂಗಿ ಮುಖ ಮುಖ ನೋಡಿಕೊಂಡರು. ಆಕೆ ಮತ್ತೆ ಒಳಗೆ ಹೋದ ಮೇಲೆ ರಾಜರತ್ನ ಪಿಸುಗುಟ್ಟಿದ: “ಅದು ಲ್ಯಾಟಿನ್. ಆವೇ ಅಂದ್ರ ನಮಸ್ಕಾರ ಅಂತ. ದೇವರಿಗೆ ಹೇಳೂದು. ಅವ್ವಗ ಹೇಳಬ್ಯಾಡ. ಅಕಿ ಕೇಳಿದ್ದ ಖರೇ ಇರ್ಲಿ.” ಪಕ್ಕದ ಮನೆಯ ಮಾಬೂಬಿಯೂ ಅಂದು ಹಾಡು ಮುಗಿಯುವ ತನಕ ಬಾಗಿಲಲ್ಲಿ ನಿಂತು, “ಕಡೀಕ ನಮ್ಮ ಆಮೀನ್ ಅಂದಂಗ ಆತಲ್ಲೋ” ಎಂದು ಬೆರಗಾಗಿ ಹೋಗಿದ್ದಳು.

ಮರು ಬೇಸಿಗೆಯಲ್ಲಿ ಗೋವಾದಲ್ಲಿ ಕೆಲಸಕ್ಕೆ ಕಟ್ಟಿದ ಸಾರವೆ ಕುಸಿದು ರಾಜರತ್ನ ಸತ್ತ. ಹೆಣದ ಗಾಡಿಯ ಜೊತೆ ಮೇಳದ ಮೂವರೂ ಬಂದಿದ್ದರು. ಕರಿ ಪ್ಯಾಂಟು, ಬಿಳಿ ಅಂಗಿ, ಕೊರಳಲ್ಲಿ ಸಣ್ಣ ಶಿಲುಬೆ. ಕುಣಿಯ ಬಳಿ ಅವರಲ್ಲಿ ಹಿರಿಯನಾದವನು ಅನಿತಾಳ ಹತ್ತಿರ ಬಂದು, ಹರಕು ಕನ್ನಡದಲ್ಲಿ, ಒಂದು ಹಾಡು ಹಾಡಿ ಕಳಿಸಿಕೊಡೋಣವೇ ಎಂದು ಕೇಳಿದ. ಅನಿತಾ ಸುತ್ತ ನೋಡಿದಳು. ಮಣ್ಣಿಗೆ ಬಂದವರಲ್ಲಿ ಒಂದಿಬ್ಬರ ಕೈಯಲ್ಲಿ ಮೊಬೈಲು ಆಗಲೇ ಮೇಲೆದ್ದಿತ್ತು.

“ಬ್ಯಾಡ್ರಿ,” ಎಂದಳು. “ಊರಾಗ ಒಂದಕ್ಕೊಂದು ಹಚ್ಚತಾರ.”

ಅವರು ತಲೆ ತಗ್ಗಿಸಿ ಒಂದೊಂದು ಹಿಡಿ ಮಣ್ಣು ಹಾಕಿ ಹೋದರು. ಹಾಡು ಬೇಡವೆಂದರೂ ಹಚ್ಚುವವರು ಹಚ್ಚಿಯೇ ಹಚ್ಚಿದರು.

ಅದು ಗೊತ್ತಾದದ್ದು ಮುಂದಿನ ವರ್ಷ. ಅನಿತಾ ಪರೀಕ್ಷೆ ಪಾಸಾಗಿ ಪರಿಶಿಷ್ಟ ಜಾತಿಯ ಸೀಟಿನಲ್ಲಿ ಪ್ರಾಥಮಿಕ ಶಾಲೆಗೆ ಶಿಕ್ಷಕಿಯಾಗಿ ಆಯ್ಕೆಯಾಗಿದ್ದಳು. ಓಣಿಯಲ್ಲಿ ಮಾಸ್ತರಿಕೆಯ ಮಟ್ಟಕ್ಕೆ ಹೋದ ಹೆಣ್ಣುಮಗಳು ಅವಳೇ ಮೊದಲನೆಯವಳು. ಆದೇಶ ಕೈಗೆ ಬರುವ ಮೊದಲು, ಯಾರೋ ಪುಣ್ಯಾತ್ಮ ತಕರಾರು ಹಾಕಿದ: ಈ ಮನೆಯವರು ಮತ ಬಿಟ್ಟು ಕ್ರಿಶ್ಚನ್ನರಾದವರು, ಈ ಸೀಟು ಇವರಿಗೆ ಸಲ್ಲದು, ದಿನಾ ಬೆಳಿಗ್ಗೆ ಪಾದ್ರಿಗಳ ಹಾಡು ಹಚ್ಚುತ್ತಾರೆ, ಇಗೋ ಮಣ್ಣಿನ ದಿನದ ಫೋಟೋ. ನಮ್ಮ ಕಡೆ ಹುಟ್ಟಿದ ಜಾತಿಯನ್ನು ಜನ್ಮವಿಡೀ ತಿಕ್ಕಿದರೂ ತೊಳೆದು ಹೋಗುವುದಿಲ್ಲ. ಆದರೆ ಶಿಲುಬೆಯ ಒಂದು ಫೋಟೋ ಸಾಕು, ಸರ್ಕಾರದ ಕಾಗದದ ಮೇಲಿನ ಜಾತಿ ಮಾಯವಾಗುತ್ತದೆ. ಚಹಾದಂಗಡಿಯ ಬೇರೆ ಲೋಟ ಮಾತ್ರ ಇದ್ದಲ್ಲೇ ಇರುತ್ತದೆ.

ತಕರಾರಿನ ವಿಚಾರಣೆಗೆ ಕಚೇರಿಯವರು ಮನೆಗೇ ಬರುತ್ತಾರೆಂದು ತಿಳಿದ ದಿನ ಅನಿತಾ ಅವ್ವನ ಮುಂದೆ ಕೂತಳು.

“ಅವ್ವಾ, ಅವರು ಬಂದು ಹೋಗೂ ತನಕ ಡಬ್ಬಿ ಹಚ್ಚಬ್ಯಾಡ ಬೇ. ಯಾರ ಕೇಳಿದ್ರೂ ಅಣ್ಣ ಗೋವಾದಾಗ ಗಿಲಾಯಿ ಮಾಡತಿದ್ದ ಅನ್ನು, ಅಷ್ಟ. ಹಾಡಿನ ಸುದ್ದಿ ತಗೀಬ್ಯಾಡ.”

“ಆಂವ ಏನ್ ತಪ್ಪು ಮಾಡ್ಯಾನ?”

“ತಪ್ಪು ಅಲ್ಲ ಬೇ. ಆದ್ರ ಅವರಿಗೆ ಅದ ಸಾಕಾಗತೈತಿ. ನನ್ನ ನೌಕರಿ ಹೋಗತೈತಿ. ಮತ್ತ ನಾ ನರಗುಂದದ ಕಡೆ ಗೋಂಜಾಳ ಮುರಿಯಾಕ ಕೂಲಿ ಹೋಗಲೇನು?”

ಕಳಕವ್ವ ಒಲೆಯ ಬೂದಿ ಕೆದರಿದಳು. ಇದ್ದ ಮಕ್ಕಳಿಬ್ಬರಲ್ಲಿ ಒಬ್ಬ ಮಣ್ಣು ಸೇರಿದ್ದ, ಒಬ್ಬಳು ಎದುರಿಗೆ ಕೂತಿದ್ದಳು. “ಆತು” ಎಂದಳು.

ಆದರೆ ಅವರು ಬರುವ ದಿನ ಬೆಳಿಗ್ಗೆ ಆಕೆಗೆ ತಡೆಯಲಾಗಲಿಲ್ಲ. ಅನಿತಾ ನೀರಿಗೆ ಹೋದಾಗ ಒಮ್ಮೆ, ಒಂದೇ ಒಂದು ಸಲ ಓ ಅಂದು ಬಂದ್ ಮಾಡಿದರಾಯಿತು ಎಂದು ಗುಂಡಿ ಒತ್ತಿದಳು. ಒತ್ತಿದ ಗಳಿಗೆಯೇ ಕರೆಂಟು ಹೋಯಿತು. ಡಬ್ಬಿ ತಾನೇ ಸತ್ತಿತಲ್ಲ ಎಂದು ಕಳಕವ್ವ ಅದನ್ನು ಹಾಗೇ ಬಿಟ್ಟು, ಮೇಲೊಂದು ಹಳೇ ಸೀರೆ ಹೊದಿಸಿದಳು. ಆ ಡಬ್ಬಿಗೊಂದು ಚಾಳಿ ಇತ್ತು: ಕರೆಂಟು ಹೋಗಿ ಬಂದರೆ, ಯಾರೂ ಮುಟ್ಟದಿದ್ದರೂ ಮೊದಲ ಹಾಡಿನಿಂದ ತಾನೇ ಶುರು ಮಾಡುತ್ತಿತ್ತು. ಗಾಬರಿಯಲ್ಲಿ ಆಕೆಗೆ ಅದು ನೆನಪಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಜೀಪು ಬಂತು. ಒಬ್ಬ ಮೇಡಂ, ಜೊತೆಗೊಬ್ಬ ಕ್ಲಾರ್ಕು. ಚಹಾ ಮಾಡಲೇ ಎಂದರೆ “ಈಗರ ಚಹಾ ಆತು” ಎಂದು ಮೇಡಂ ತಮ್ಮ ಬಾಟಲಿಯ ನೀರನ್ನೇ ಕುಡಿದರು. ಗೋಡೆಯ ಮೇಲೆ ದೇವಿ ಇಟಗಿ ಭೀಮವ್ವ, ಬಾಬಾಸಾಹೇಬರು, ರಾಜರತ್ನ. ಕ್ಲಾರ್ಕು ಮೂರನ್ನೂ ಮೊಬೈಲಿನಲ್ಲಿ ಹಿಡಿದುಕೊಂಡ. ಮಾತು ಸರಳವಾಗಿಯೇ ನಡೆಯಿತು. ಮೇಡಂ ಕೆಟ್ಟವರೇನಲ್ಲ, ಬಿಸಿಲಿಗೆ ಬಸವಳಿದಿದ್ದರು, ಬೇಗ ಮುಗಿಸಿ ಹೋಗುವ ಮನಸ್ಸಿತ್ತು.

“ಮಗ ಗೋವಾದಾಗ ಕ್ರಿಶ್ಚನ್ ಆಗಿದ್ನೇನಮ್ಮಾ?”

“ಇಲ್ರಿ. ಗಿಲಾಯಿ ಮಾಡತಿದ್ದಾರಿ.”

“ಮನಿಯಾಗ ಆ ಹಾಡು ಹಚ್ಚತೀರಂತಲ್ಲ?”

“ಇಲ್ರಿ.”

ಅನಿತಾ ಉಸಿರು ಬಿಟ್ಟಳು. ಮೇಡಂ ಪೆನ್ನಿನ ಟೋಪಿ ಹಾಕುತ್ತಿದ್ದರು. ಅಷ್ಟರಲ್ಲಿ ತಲೆಯ ಮೇಲಿನ ಫ್ಯಾನು ಗರ್ ಎಂದಿತು.

ಚೀಲಗಳ ಹಿಂದಿನಿಂದ, ಹಳೇ ಸೀರೆಯ ಒಳಗಿನಿಂದ, ನಾಲ್ಕು ದನಿಗಳು ಎದ್ದವು. ‘ಆ...ವೇ...’

ಅನಿತಾ ನೋಡಿದ್ದು ಮೇಡಮ್ಮನ್ನಲ್ಲ, ಅವ್ವನನ್ನು. ಕಳಕವ್ವನ ತಲೆ ತಾನಾಗಿಯೇ ಮೇಲೆದ್ದಿತು. ತುಟಿ ದುಂಡಗಾಯಿತು. ಕೊರಳ ನರ ಉಬ್ಬಿತು. ಇನ್ನೇನು ‘ಓ’ ಹೊರಗೆ ಬಿತ್ತು ಅನ್ನುವಾಗ ಆಕೆ ಮಗಳ ಮುಖ ನೋಡಿದಳು. ಸೆರಗು ಬಾಯಿಗೊತ್ತಿಕೊಂಡಳು.

“ಏನಿದು?” ಮೇಡಂ ಕೇಳಿದರು.

“ಸಂತಿಯಾಗ ತಂದ ಪೆನ್‌ಡ್ರೈವ್ ರೀ,” ಅನಿತಾ ಓಡಿಹೋಗಿ ವೈರು ಕಿತ್ತಳು. “ಅದರಾಗ ಏನೇನೋ ತುಂಬಿರ್ತಾರ್ರಿ.”

ಮೇಡಂ ಕ್ಲಾರ್ಕಿನ ಕಡೆ ನೋಡಿದರು. ಅವನಿಗೆ ಈಗ ಹುರುಪು ಬಂದಿತ್ತು. “ಇನ್ನೊಮ್ಮೆ ಹಚ್ಚವಾ, ರೆಕಾರ್ಡ್ ಮಾಡ್ಕೋತೀನಿ,” ಎಂದ. ಬೇರೆ ದಾರಿಯಿರಲಿಲ್ಲ. ಅನಿತಾ ತನ್ನ ಕೈಯಿಂದಲೇ ವೈರು ಚುಚ್ಚಿದಳು. ರಾಜರತ್ನ ಮತ್ತೆ ಕರೆದ. ಕ್ಲಾರ್ಕು ಮೊಬೈಲು ಮುಂದೆ ಹಿಡಿದು ನಿಂತ. ಹಾಡು ಮುಗಿಯುವ ತನಕ ಕಳಕವ್ವ ಸೆರಗನ್ನು ಬಾಯಿಂದ ತೆಗೆಯಲಿಲ್ಲ. ನಾನೂರು ವರ್ಷದ ಕೆಳಗೆ ಬಾಗಿಲು ಹಾಕಿಕೊಂಡು ಹಾಡಿದ್ದನ್ನು ಈಗ ಬಾಗಿಲು ತೆರೆದು, ಸರ್ಕಾರ ಎದುರಿಗೆ ಕೂತು ಕೇಳಿತು.

“ಯಾರ ದನಿ ಇದು, ಗೊತ್ತೇನಮ್ಮಾ?” ಮೇಡಂ ಕಳಕವ್ವನನ್ನೇ ಕೇಳಿದರು.

ಆಕೆ ಸೆರಗು ತೆಗೆದಳು. “ಗೊತ್ತಿಲ್ರಿ,” ಎಂದಳು. “ಯಾಂವಂದೋ ಏನೋ.”

ಎಂಥ ತಾಯಿಯ ಬಾಯಿಂದ ಎಂಥ ಮಾತು ಬಂತು. ಆದರೆ ಆ ಮಾತಿನಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಮಗನ ದನಿಯನ್ನು ಗುರುತಿಸದ ತಾಯಿ ಇರುತ್ತಾಳೆಯೇ ಎಂದು ಮೇಡಂ ಯೋಚಿಸಿರಬೇಕು. ಬರೆದುಕೊಂಡು ಹೋದರು.

ತಕರಾರು ಬಿದ್ದುಹೋಯಿತು. ಅನಿತಾಳಿಗೆ ಗಜೇಂದ್ರಗಡದ ಕಡೆಯ ಶಾಲೆಗೆ ಆದೇಶ ಬಂತು. ಮಾಬೂಬಿ ಸಕ್ಕರೆ ತಂದು ಬಾಯಿಗೆ ಹಾಕಿದಳು. ಕಳಕವ್ವ ಅದನ್ನು ನುಂಗಿದಳು, ನಗಲಿಲ್ಲ. ಆ ದಿನದಿಂದ ಆಕೆ ಡಬ್ಬಿಯ ಕಡೆ ಹೋಗಿರಲಿಲ್ಲ. ಹಳೇ ಸೀರೆ ಅದರ ಮೇಲೆ ಹೊದಿಸಿದಂತೆಯೇ ಇತ್ತು.

ಒಂದು ಭಾನುವಾರ ಅನಿತಾ ತಾನೇ ಸೀರೆ ತೆಗೆದು, ಧೂಳು ಒರೆಸಿ, ಗುಂಡಿಗೆ ಕೈ ಹಾಕಿದಳು. “ಇನ್ನ ಯಾರ ಅಂಜಿಕಿನೂ ಇಲ್ಲ ಬೇ. ಕೇಳು.”

“ಹಚ್ಚಬ್ಯಾಡ!” ಕಳಕವ್ವ ಚೀರಿದಳು. “ಮಂದಿ ಮುಂದ ಕರದ. ನಾ ಓ ಅನ್ನಲಿಲ್ಲ. ಮತ್ತ ಕರದ, ಆಗೂ ಅನ್ನಲಿಲ್ಲ. ಹೆತ್ತಾಕಿ ನಾ, ಯಾಂವಂದೋ ಏನೋ ಅಂದೆ. ಇನ್ನ ಯಾ ಮಾರಿ ಇಟ್ಕೊಂಡು ಓ ಅನ್ನಲಿ?”

ಅಳು ಬಂದರೆ ಹಗುರಾದೀತು. ಆಕೆಗೆ ಅಳುವೂ ಬರಲಿಲ್ಲ. ಗೋಡೆಗೆ ಒರಗಿ ಕೂತಳು. ಅನಿತಾಳಿಗೆ ನೋಡಲಾಗಲಿಲ್ಲ. ಈ ಭಾರ ಇಳಿಸುವ ಒಂದೇ ಮಾತು ತನ್ನ ಹತ್ತಿರ ಇದೆ ಅನ್ನಿಸಿತು. ಅಣ್ಣ ಹೇಳಬೇಡ ಅಂದಿದ್ದ ಮಾತು. ಅವಳು ಅವ್ವನ ಮೊಣಕಾಲು ಹಿಡಿದು ಕೂತಳು.

“ನೀ ಏನೂ ತಪ್ಪು ಮಾಡಿಲ್ಲ ಬೇ. ಖರೇ ಹೇಳ್ತೀನಿ, ಅದು ಅವ್ವೇ ಅಲ್ಲ. ಅದು ಬ್ಯಾರೆ ಭಾಷಾ. ಆವೇ ಅಂದ್ರ ನಮಸ್ಕಾರ ಅಂತ. ಅಣ್ಣನ ನನಗ ಹೇಳಿದ್ದ. ಆಂವ ನಿನ್ನ ಕರದಿಲ್ಲ. ಕರೀಲಾರದ್ದಕ್ಕ ಓ ಅನ್ನಲಿಲ್ಲ ಅಂದ್ರ ಏನಾತು?”

ಕಳಕವ್ವ ಮಗಳ ಮುಖವನ್ನೇ ನೋಡಿದಳು. ಅನಿತಾ ಕಾಯುತ್ತಿದ್ದ ಹಗುರ ಆ ಮುಖದ ಮೇಲೆ ಬರಲಿಲ್ಲ.

“ಕರದಿಲ್ಲ?”

“ಇಲ್ಲ ಬೇ.”

“ಹಂಗಾರ ಆಂವ ಹ್ವಾದಾಗಿಂದ,” ಎಂದಳು ಕಳಕವ್ವ, ಮೆಲ್ಲಗೆ, “ದಿನಾ ಮುಂಜಾನಿ ನಾ ಓ ಅಂದಿದ್ದು ಯಾರಿಗೆ?”

ಅನಿತಾ ಅವ್ವನ ಮೊಣಕಾಲಿನಿಂದ ಕೈ ತೆಗೆದಳು. ತಪ್ಪೊಂದನ್ನು ಕಿತ್ತುಹಾಕಲು ಹೋಗಿ ಅದರ ಬೇರಿನ ಜೊತೆಗೆ ಮಗನನ್ನೇ ಕಿತ್ತು ತೆಗೆದಿದ್ದಳು. ಕಳಕವ್ವ ಎದ್ದು ಸೆರಗು ಕೊಡವಿ, ಒಲೆಯ ಮುಂದೆ ಹೋಗಿ ಕೂತಳು.

ಈಗ ಅನಿತಾ ಶನಿವಾರ ಶಾಲೆ ಬಿಟ್ಟ ಮೇಲೆ ರೋಣಕ್ಕೆ ಬಂದು, ಅಲ್ಲಿಂದ ಊರಿನ ಬಸ್ಸು ಹಿಡಿಯುತ್ತಾಳೆ. ಕೈಯಲ್ಲಿ ಅವ್ವನಿಗೆಂದು ತಂದ ಬಾಳೆಹಣ್ಣು, ಎಲೆಯಡಿಕೆ ಇರುತ್ತವೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, “ಅವ್ವಾ” ಎಂದು ಕರೆಯುತ್ತಾಳೆ. ಒಳಗೆ ರೊಟ್ಟಿ ಬಡಿಯುವ ಸದ್ದು ಒಂದು ಗಳಿಗೆ ನಿಲ್ಲುತ್ತದೆ. “ಅವ್ವಾ, ನಾ ಬೇ, ಅನಿತಾ” ಎಂದು ಮತ್ತೊಮ್ಮೆ ಕರೆಯುತ್ತಾಳೆ. ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಗುತ್ತದೆ. ಕಳಕವ್ವ ಹೊರಗೆ ಬರುತ್ತಾಳೆ, ನೀರು ಕೊಡುತ್ತಾಳೆ, ತಾಟಿನಲ್ಲಿ ಬಿಸಿ ರೊಟ್ಟಿ ಹಾಕುತ್ತಾಳೆ, ಶಾಲೆಯ ಸುದ್ದಿಯನ್ನೂ ಕೇಳುತ್ತಾಳೆ. ಓ ಮಾತ್ರ ಅನ್ನುವುದಿಲ್ಲ.